ಉಪ್ಪು ಸರಿಯಿದೆಯಾ

ನಮ್ಮೂರಲ್ಲಿ ವಾದದಲ್ಲಿ ಸೋತವರ ನಾಲಿಗೆಗೆ ಉಪ್ಪು ಹತ್ತುವುದಿಲ್ಲ. ಹುಳಿ, ಖಾರ, ಸಿಹಿ ಎಲ್ಲ ಇದ್ದ ಹಾಗೇ ಇರುತ್ತದೆ, ಉಪ್ಪೊಂದು ಹೋಗುತ್ತದೆ. ಕೆಲವರಿಗೆ ಮಳೆಗಾಲ ಮುಗಿಯುವುದರೊಳಗೆ ಮರಳಿ ಬರುತ್ತದೆ, ಕೆಲವರಿಗೆ ವರ್ಷಗಟ್ಟಲೆ ಬರುವುದಿಲ್ಲ, ಇನ್ನು ಕೆಲವರು ಇವತ್ತು ಬಂದೀತು ನಾಳೆ ಬಂದೀತು ಎಂದು ಕಾಯುತ್ತಲೇ ಮಣ್ಣು ಸೇರಿದ್ದಾರೆ. ಪೇಟೆಬೀದಿಯಲ್ಲಿ ಹೋಟೆಲು ಇಟ್ಟುಕೊಂಡಿರುವ ನನ್ನಂಥವನಿಗೆ ಇದರಷ್ಟು ತಲೆನೋವಿನ ಸಂಗತಿ ಬೇರೊಂದಿಲ್ಲ. ನಮ್ಮಲ್ಲಿ ಸಾರಿನ ಪಾತ್ರೆ ಎರಡು. ಒಂದು ಎಲ್ಲರದು. ಇನ್ನೊಂದರಲ್ಲಿ ಹುಣಸೆ, ಮೆಣಸು ಮುಂದಾಗಿರುತ್ತದೆ, ಅದು ಸೋತವರದು. ಗಿರಾಕಿ ಯಾವ ಪಾತ್ರೆಯ ಕಡೆ ಕಣ್ಣು ಹಾಯಿಸುತ್ತಾನೆ ಎಂದು ನೋಡಿಕೊಂಡು ಬಡಿಸಬೇಕು, ಬಾಯಿಬಿಟ್ಟು ಕೇಳುವಂತಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ವಾದ ತೀರುವುದು ಒಬ್ಬರು ಇನ್ನೊಬ್ಬರನ್ನು "ಇನ್ನೇನಾದರೂ ಉಂಟೋ?" ಎಂದು ಕೇಳಿ, ಕೇಳಿಸಿಕೊಂಡವರ ಬಳಿ ಏನೂ ಇಲ್ಲದೆ ಹೋದಾಗ. ಹಾಗಾಗಿ ಬೇರೆ ಊರಿನ ಹೋಟೆಲುಗಳಲ್ಲಿ ಮಾಣಿಗಳು ಸಲೀಸಾಗಿ ಕೇಳುವ ಮಾತನ್ನು ನನ್ನ ಮಾಣಿಗಳು ಕೇಳುವುದಿಲ್ಲ, ಎಲೆಯ ಮುಂದೆ ಸುಮ್ಮನೆ ಕಂಬದಂತೆ ನಿಂತಿರುತ್ತಾರೆ. ಗಂಡ ಹೆಂಡಿರು ಜಗಳವನ್ನು ಅರ್ಧಕ್ಕೇ ಬಿಟ್ಟು ಊಟಕ್ಕೆ ಏಳುತ್ತಾರೆ. "ಇರಲಿ ಬಿಡಿ" ಎನ್ನುವ ಮಾತು ನಮ್ಮೂರಲ್ಲಿ ಸವೆದಷ್ಟು ಇನ್ನೆಲ್ಲೂ ಸವೆದಿರಲಾರದು. ಬೇಕೆಂದೇ ಸೋಲೋಣವೆಂದರೆ ಅದೂ ನಡೆಯುವುದಿಲ್ಲ. ಮಾವನನ್ನು ಖುಷಿಪಡಿಸಲು ಸೋತ ಅಳಿಯಂದಿರು ಎಷ್ಟೋ ಜನ, ಒಬ್ಬರ ಉಪ್ಪೂ ಹೋಗಿಲ್ಲ. ನಾಲಿಗೆಗೆ ನಿಜ ಗೊತ್ತಾಗುತ್ತದೆ.

ಮನೆಯ ವಾದವನ್ನು ಅರ್ಧಕ್ಕೆ ಬಿಡಬಹುದು, ಕಟ್ಟೆಯ ವಾದವನ್ನು ಬಿಡುವಂತಿಲ್ಲ. ಸಂತೆಮಾಳದ ಹುಣಸೆಮರದ ಕೆಳಗೊಂದು ಕಲ್ಲುಕಟ್ಟೆ ಇದೆ. ಯಾರ ಮೇಲಾದರೂ ಪ್ರಶ್ನೆ ಇದ್ದವನು ತನ್ನ ಕಸುಬಿನ ಸಾಮಾನೊಂದನ್ನು ಅದರ ಮೇಲಿಟ್ಟು ಹೋಗುತ್ತಾನೆ, ಸೋತರೆ ಅದು ಮರಳಿ ಸಿಗುವುದಿಲ್ಲ. ಪ್ರಶ್ನೆ ಯಾವ ಮನೆಯ ಮೇಲೋ ಆ ಮನೆಯವರಲ್ಲಿ ಒಬ್ಬರು ಬಂದು ಉತ್ತರ ಕೊಡಬೇಕು. ಬಾರದಿದ್ದರೆ ಆ ಮನೆಯ ಎಲ್ಲರ ಉಪ್ಪೂ ಹೋಗುತ್ತದೆ. ಬಂದು, ಹೊತ್ತು ಮುಳುಗುವುದರೊಳಗೆ ವಾದ ತೀರದಿದ್ದರೆ ವಾದಿಸಿದ ಇಬ್ಬರದೂ ಹೋಗುತ್ತದೆ. ಈ ಕಟ್ಟೆಯ ಮೇಲೆ ನನ್ನ ಹೋಟೆಲಿನ ಅಡುಗೆಯವನು ನರಸಿಂಗ ಒಂದು ಮಂಗಳವಾರ ಸಂತೆಯ ನಡುವೆ ಹೋಗಿ ತನ್ನ ದೊಡ್ಡ ಸೌಟನ್ನು ಇಟ್ಟುಬಿಟ್ಟ. ಪ್ರಶ್ನೆ ಚರ್ಚಿನವರ ಮೇಲೆ ಎಂದ.

ನಾನು ಗಲ್ಲಾ ಬಿಟ್ಟು ಸಂತೆಮಾಳಕ್ಕೆ ಓಡಿದೆ. ಒಳ್ಳೆಯ ಸೌಟು ಹೋಯಿತಲ್ಲ ಎಂದಲ್ಲ, ಅದೂ ಇತ್ತು ಅನ್ನಿ. ನರಸಿಂಗ ಸೋತರೆ ನನ್ನ ಹೋಟೆಲಿಗೆ ನಾಲಿಗೆಯೇ ಇರುವುದಿಲ್ಲ. ಅದು ಹೇಗಿರುತ್ತದೆ ಎಂದು ನಾನು ಒಮ್ಮೆ ಕಣ್ಣಾರೆ ಕಂಡಿದ್ದೆ. ಅವನಪ್ಪ ಕೆಂಚಯ್ಯ ನಮ್ಮಪ್ಪನ ಕಾಲದಲ್ಲಿ ಇದೇ ಒಲೆಯ ಮುಂದೆ ನಿಂತವನು. ಅವನನ್ನು ಕಟ್ಟೆಯ ಮೇಲೆ ಸೋಲಿಸಿದವರು ಚರ್ಚಿನ ತಿಮೊಥಿ ಉಪದೇಶಿಗಳು.

ಉಪದೇಶಿಗಳೆಂದರೆ ಪಾದ್ರಿಗಳು ಬಾರದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದವರು. ತೆಳ್ಳಗಿನ ಆಳು, ಬಿಳಿ ಕೋಟು, ಬಾಯಿ ತೆರೆದರೆ ಎದುರಿನವನು ಮುಗಿದ. ದೇವರಿಲ್ಲ ಎಂದವನನ್ನು, ಇದ್ದರೂ ನಿಮ್ಮ ದೇವರಲ್ಲ ಎಂದವನನ್ನು, ದೇವರು ಯಾವನಾದರೇನು ಎಂದವನನ್ನು, ಎಲ್ಲರನ್ನೂ ಕಟ್ಟೆಗೆ ಕರೆದು ನಿಲ್ಲಿಸಿ ಗೆದ್ದರು. ಅವರ ಮಾತಿನಲ್ಲಿ ತಪ್ಪು ಹುಡುಕಿದವರಿಲ್ಲ. ನಮ್ಮ ಹೋಟೆಲಿನಲ್ಲಿ ಎರಡನೆಯ ಪಾತ್ರೆ ಮೊದಲನೆಯದಕ್ಕಿಂತ ದೊಡ್ಡದಾದದ್ದು ಅವರ ಕಾಲದಲ್ಲೇ. ಸೋತವರಲ್ಲಿ ಒಬ್ಬನಾದರೂ ಚರ್ಚಿನ ಮೆಟ್ಟಿಲು ತುಳಿದದ್ದನ್ನು ಮಾತ್ರ ನಾನು ಕಾಣೆ.

ಉಪದೇಶಿಗಳು ತೀರಿಕೊಂಡು ಬಹಳ ಕಾಲವಾದ ಮೇಲೆ, ಈ ವರ್ಷ, ಚರ್ಚಿನ ಹಿರಿಯರಾದ ಬಟ್ಟೆ ಅಂಗಡಿಯ ದೇವಸಹಾಯಪ್ಪ ಗೇಟಿನ ಪಕ್ಕ ಅವರ ಹೆಸರಲ್ಲಿ ಒಂದು ಕಲ್ಲು ನಿಲ್ಲಿಸಿದರು. "ಸತ್ಯಕ್ಕಾಗಿ ವಾದಿಸಿ ಎಂದೂ ಸೋಲದವರು" ಎಂದು ಕೆತ್ತಿಸಿದ್ದರು. ತರಕಾರಿ ತರಲು ಹೊರಟಿದ್ದ ನರಸಿಂಗ ಅದನ್ನು ಓದಿದ. ತರಕಾರಿ ಬರಲಿಲ್ಲ, ಸೌಟು ಹೋಯಿತು.

ಉತ್ತರ ಕೊಡಲು ಚರ್ಚಿನವರು ಆರಿಸಿದ್ದು ಉಪದೇಶಿಗಳ ಮಗಳು ಸುಗುಣಾಬಾಯಿಯನ್ನು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರು. ಉತ್ತರ ಸರಿಯಿದ್ದರೂ ದಾರಿ ಬರೆಯದ ಮಕ್ಕಳಿಗೆ ಸೊನ್ನೆ ಕೊಡುವ ಹೆಂಗಸು. ಅಪ್ಪನ ತಲೆ ಇವಳಿಗೆ ಬಂದಿದೆ ಎಂದು ಊರೆಲ್ಲ ಹೇಳುತ್ತಿತ್ತು, ಆದರೆ ಅವಳು ಒಮ್ಮೆಯೂ ಕಟ್ಟೆ ಹತ್ತಿದವಳಲ್ಲ. ತರಕಾರಿಯವಳ ಹತ್ತಿರ ಚೌಕಾಸಿ ಮಾಡುವಾಗಲೂ ಗೆಲ್ಲುವ ಹೊತ್ತಿಗೆ ಸರಿಯಾಗಿ ಸುಮ್ಮನಾಗಿಬಿಡುತ್ತಿದ್ದಳು.

ವಾದದ ಹಿಂದಿನ ದಿನ ಸಂಜೆ ನಾನು ಅವಳ ಮನೆಗೆ ಹೋದೆ. ಸ್ವಾರ್ಥಕ್ಕೇ ಹೋದದ್ದು, ಮುಚ್ಚಿಡುವುದೇನಿದೆ. ಅವಳು ಗಂಜಿ ಕಲಕುತ್ತಿದ್ದಳು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಡುಗೆಮನೆಯಲ್ಲಿ ಬಂದವರಿಗೆಲ್ಲ ಗಂಜಿ ಬೇಯಿಸುವವಳೂ ಅವಳೇ, ಅದು ಹದವಾಗಿರುತ್ತದೆಂದು ಕೇಳಿದ್ದೆ.

"ಟೀಚರಮ್ಮ, ನೀವು ಗೆಲ್ತೀರಿ, ಅದು ನಂಗೊತ್ತು," ಎಂದೆ. "ಆದ್ರೆ ಗೆದ್ರೆ ನನ್ನ ಒಲೆ ಆರಿಹೋಗುತ್ತೆ."

ಅವಳು ಸೌಟು ಬಿಡದೆ ಕೇಳಿದಳು. "ಯಜಮಾನ್ರೇ, ಕೆಂಚಯ್ಯನೋರು ಕೊನೆಗೆ ಹೇಗಿದ್ರು? ನಾನಾಗ ಚಿಕ್ಕೋಳು. ಅಪ್ಪ ಏನೂ ಹೇಳ್ತಿರಲಿಲ್ಲ."

ಇದ್ದದ್ದನ್ನು ಹೇಳಿದೆ. ಸಾರು ಕೆಟ್ಟಿತು, ಗಿರಾಕಿಗಳು ಬರುವುದು ಬಿಟ್ಟರು, ನಮ್ಮಪ್ಪ ಅವನನ್ನು ಒಲೆಯಿಂದ ಎಬ್ಬಿಸಿ ಪಾತ್ರೆ ತೊಳೆಯಲು ಹಾಕಿದರು. ಆಗಾಗ ಉಪ್ಪಿನ ಜಾಡಿಗೆ ಕೈಹಾಕಿ ಒಂದು ಹರಳು ನಾಲಿಗೆಯ ಮೇಲಿಟ್ಟುಕೊಂಡು, ಕಣ್ಣುಮುಚ್ಚಿ ಗೋಡೆಗೆ ಒರಗಿ ಕೂರುತ್ತಿದ್ದ. ಬಂತೇನೋ ಎಂದು ಕಾಯುತ್ತಿದ್ದ. ಬರಲಿಲ್ಲ. ಜೀವ ಹೋದ ದಿನವೂ ಬಾಯಲ್ಲಿ ಹರಳು ಇತ್ತು.

"ನಮ್ಮ ಕಡೆಯೋರು ಯಾರಾದ್ರೂ ನೋಡೋಕೆ ಬಂದಿದ್ರಾ?"

"ಇಲ್ಲಮ್ಮ."

ಗಂಜಿ ತಳ ಹಿಡಿಯಿತು, ವಾಸನೆ ಬಂತು. ಅವಳು ಇಳಿಸಲಿಲ್ಲ. ನಾನೇ ಎದ್ದು ಇಳಿಸಿದೆ, ಅಭ್ಯಾಸ. ಬಾಗಿಲ ತನಕ ಬಂದು ಅವಳು ಒಂದೇ ಮಾತು ಹೇಳಿದಳು. "ನಾನು ನಂಬಿರೋದು ನಿಜ ಯಜಮಾನ್ರೇ. ಕೇಳಿದೋರಿಗೆ ಯಾಕೆ ನಿಜ ಅಂತ ಹೇಳಲೇಬೇಕು. ಅದನ್ನ ಬಿಟ್ಟುಕೊಡೋಕಾಗಲ್ಲ." ನನ್ನ ಸಾರಿನ ಬಗ್ಗೆ ಏನನ್ನೂ ಹೇಳಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಬಂದೆ.

ಮಾರನೆಯ ದಿನ ಸಂತೆಮಾಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೌಟಿನ ಪಕ್ಕದಲ್ಲಿ ಸುಗುಣಾಬಾಯಿ ಒಂದು ಸೀಮೆಸುಣ್ಣ ಇಟ್ಟಳು. ನರಸಿಂಗ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಶುರು ಮಾಡಿದ. ಹೆಚ್ಚು ಓದಿದವನಲ್ಲವಾದರೂ ಮಾತಿನಲ್ಲಿ ಸೋಮಾರಿಯಲ್ಲ.

"ನಾನು ಅಡುಗೆಯೋನು ಟೀಚರಮ್ಮ. ಬಾಯಿಗಿಟ್ಟು ನೋಡದೆ ಯಾವುದನ್ನೂ ಸರಿ ಅನ್ನೋನಲ್ಲ. ನಿಮ್ಮ ಸ್ವಾಮಿ ಸತ್ತೋನು ಎದ್ದು ಬಂದ ಅಂತೀರಿ. ನೀವು ನೋಡಿದ್ರಾ?"

"ಇಲ್ಲ ನರಸಿಂಗಣ್ಣ. ನೋಡಿದೋರ ಮಾತು ನಂಬಿದ್ದೀನಿ."

"ಅವರು ಸುಳ್ಳು ಹೇಳಿರಬಹುದು."

"ಹೇಳಿರಬಹುದು. ನಂಗೂ ಮೊದಲು ಅದೇ ಅನುಮಾನ ಬಂದಿದ್ದು," ಎಂದಳು. ದೇವಸಹಾಯಪ್ಪ ಕೆಮ್ಮಿದರು. "ಆದ್ರೆ ಸುಳ್ಳು ಹೇಳೋರು ಏನೋ ಸಿಗುತ್ತೆ ಅಂತ ಹೇಳ್ತಾರೆ. ಇವರಿಗೆ ಸಿಕ್ಕಿದ್ದು ಏಟು, ಸೆರೆಮನೆ. ಸ್ವಾಮಿನ ಹಿಡಿದ ದಿನ ಹೆದರಿ ಓಡಿಹೋಗಿ ಬಾಗಿಲು ಹಾಕ್ಕೊಂಡಿದ್ದೋರೂ ಅವರೇ. ಆಮೇಲೆ ಅದೇ ಜನ ಬೀದಿಗೆ ಬಂದು, ಹೊಡೆದ್ರೂ ಮಾತು ಬದಲಾಯಿಸಲಿಲ್ಲ. ನಡುವೆ ಏನೋ ಆಗಿರಬೇಕಲ್ಲ."

"ನಂಬಿದ್ದಕ್ಕೋಸ್ಕರ ಪ್ರಾಣ ಬಿಡೋರು ಎಲ್ಲಾ ಕಡೆ ಅವ್ರೆ. ಪ್ರಾಣ ಬಿಟ್ರೆ ಅದು ನಿಜ ಆಗಿಬಿಡುತ್ತಾ?"

ಜನ ತಲೆದೂಗಿದರು. ನಾನೂ ತೂಗಿದೆ. ಸುಗುಣಾಬಾಯಿಯೂ ತೂಗಿದಳು. "ಆಗಲ್ಲ. ಚೆನ್ನಾಗಿ ಕೇಳಿದ್ರಿ. ಬೇರೆಯೋರು ಹೇಳಿದ್ದನ್ನ ನಂಬಿ ಸತ್ತೋರು ಮೋಸ ಹೋಗಿರಬಹುದು. ಆದ್ರೆ ಇವರು, ನಾವೇ ಕಂಡ್ವಿ, ಜತೆಗೆ ಕೂತು ಉಂಡ್ವಿ ಅಂದೋರು. ಸುಳ್ಳಾಗಿದ್ರೆ ಅದು ಸುಳ್ಳು ಅಂತ ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಿರ್ತಿತ್ತು."

"ಭ್ರಮೆ ಇರಬಹುದು. ನಮ್ಮಪ್ಪ ಹೋದ ಮೇಲೆ ನಮ್ಮವ್ವಂಗೂ ಹಿತ್ತಲಲ್ಲಿ ಕಾಣಿಸ್ತಿದ್ದ."

ಅವಳು ಕಟ್ಟೆಯ ಮೇಲಿನ ಸೀಮೆಸುಣ್ಣವನ್ನು ಒಮ್ಮೆ ಹೊರಳಿಸಿದಳು. ಉತ್ತರ ಇಲ್ಲದ್ದಕ್ಕಲ್ಲ, ಆ ಹೆಂಗಸಿನ ಬಗ್ಗೆ ಯೋಚಿಸುತ್ತಿದ್ದಳೆಂದು ಆಮೇಲೆ ನನಗೆ ಹೇಳಿದಳು. "ದುಃಖ ಹಾಗೇ ಕಾಣಿಸುತ್ತೆ," ಎಂದಳು. "ಆದ್ರೆ ಅದು ಒಬ್ಬೊಬ್ಬರಿಗೆ ಅವರವರ ಹಿತ್ತಲಲ್ಲಿ ಕಾಣಿಸುತ್ತೆ, ನರಸಿಂಗಣ್ಣ. ಹತ್ತಾರು ಜನಕ್ಕೆ ಒಟ್ಟಿಗೆ, ಒಂದೇ ಪಂಕ್ತಿಯಲ್ಲಿ ಕಾಣಿಸಲ್ಲ. ಇನ್ನೊಂದಿದೆ. ಮೊದಲು ಕಂಡೆವು ಅಂದೋರು ಹೆಂಗಸರು. ಆ ಕಾಲದ ನ್ಯಾಯಸ್ಥಾನದಲ್ಲಿ ಹೆಂಗಸರ ಮಾತಿಗೆ ಬೆಲೆ ಇರಲಿಲ್ಲ. ಕತೆ ಕಟ್ಟೋನು ಊರು ಒಪ್ಪೋ ದೊಡ್ಡ ಮನುಷ್ಯನ್ನ ಸಾಕ್ಷಿ ಮಾಡ್ತಾನೆ. ಯಾರೂ ಒಪ್ಪದೋರನ್ನ ಮುಂದೆ ತಂದು ನಿಲ್ಲಿಸಿದ್ದಾರೆ ಅಂದ್ರೆ, ನಡೆದದ್ದು ಹಾಗೇ ಇತ್ತು, ಬೇರೆ ಹೇಳೋ ಹಾಗಿರಲಿಲ್ಲ ಅಂತ ನಂಗನ್ನಿಸುತ್ತೆ. ನೀವು ಬಾಯಿಗಿಟ್ಟು ನೋಡ್ತೀರಿ, ಸರಿ. ಆದ್ರೆ ಹೋಟೆಲಿಗೆ ಬರೋರು ಒಳಗೆ ಬಂದು ನೋಡ್ತಾರಾ? ನರಸಿಂಗಣ್ಣ ನೋಡಿದ್ದಾನೆ ಅಂತ ನಂಬಿ ಎಲೆ ಮುಂದೆ ಕೂರ್ತಾರೆ."

ಹೆಂಗಸರ ಕಡೆಯಿಂದ ನಗೆ ಕೇಳಿಸಿತು. ನರಸಿಂಗ ವಸ್ತ್ರವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ಅವನ ಬಳಿ ಏನೂ ಉಳಿದಿಲ್ಲವೆಂದು ನನಗೆ ಗೊತ್ತಾಯಿತು, ಇಡೀ ಸಂತೆಮಾಳಕ್ಕೆ ಗೊತ್ತಾಯಿತು. ಸೂರ್ಯ ಅಂಗಡಿಸಾಲಿನ ಹೆಂಚಿನ ಹಿಂದಕ್ಕೆ ಇಳಿದಿದ್ದ. ಅವಳು ಆ ಒಂದು ಮಾತನ್ನು ಕೇಳಿದರೆ ಆಯಿತು. ದೇವಸಹಾಯಪ್ಪ ಹಿಂದಿನಿಂದ ಪಿಸುಗುಟ್ಟಿದರು. "ಕೇಳಮ್ಮ, ಕೇಳಿಬಿಡು." ನಾನು ಕಣ್ಣುಮುಚ್ಚಿಕೊಂಡೆ. ಉಪ್ಪಿನ ಜಾಡಿಯ ಪಕ್ಕ ಗೋಡೆಗೆ ಒರಗಿ ಕೂತ ನರಸಿಂಗ ನನಗಾಗಲೇ ಕಾಣಿಸುತ್ತಿದ್ದ.

"ನರಸಿಂಗಣ್ಣ," ಎಂದಳು ಸುಗುಣಾಬಾಯಿ, "ನೀವು ಸೌಟಿಟ್ಟಿದ್ದು ಇದನ್ನ ಕೇಳೋಕಲ್ಲ. ಕಲ್ಲು ನೋಡಿ ಇಟ್ರಿ. ಅದನ್ನ ಇನ್ನೂ ಕೇಳಿಲ್ಲ. ಕೇಳಿ."

ಅವನು ಕೇಳಿದಾಗ ದನಿ ಬೇರೆಯಾಗಿತ್ತು.

"ನಿಮ್ಮ ಸ್ವಾಮಿ ಪ್ರೀತಿ ಮಾಡು ಅಂದ ಅಂತೀರಿ. ಶತ್ರೂನೂ ಪ್ರೀತಿ ಮಾಡು ಅಂದ ಅಂತೀರಿ. ನಮ್ಮಪ್ಪ ನಿಮ್ಮಪ್ಪಂಗೆ ಶತ್ರು ಕೂಡ ಅಲ್ಲ, ಬೇಡ ಅಂದ್ರೂ ಕಟ್ಟೆಗೆ ಕರೆದು ನಿಲ್ಲಿಸಿದ್ರು. ಅವನು ಉಪ್ಪಿಲ್ಲದೆ ಅಷ್ಟು ವರ್ಷ ಬದುಕಿ ಸತ್ತ. ಚರ್ಚಿಂದ ನಮ್ಮ ಮನೆಗೆ ಕೂಗಳತೆ ದೂರ. ಒಬ್ರಾದ್ರೂ ಯಾಕೆ ಬರಲಿಲ್ಲ?"

ಇದಕ್ಕೊಂದು ಉತ್ತರ ಇದೆ ಎಂದು ನನಗೂ ಗೊತ್ತು. ಮನುಷ್ಯರು ತಪ್ಪು ಮಾಡಿದರೆ ದೇವರು ಸುಳ್ಳಾಗುವುದಿಲ್ಲ ಎಂದು ಉಪದೇಶಿಗಳೇ ಎಷ್ಟೋ ಸಲ ಇದೇ ಕಟ್ಟೆಯ ಮೇಲೆ ಹೇಳಿದ್ದರು. ಅದು ಸರಿಯಾದ ಮಾತು. ಆದರೆ ನರಸಿಂಗ ದೇವರನ್ನು ಕೇಳಿರಲಿಲ್ಲ, ನೀವು ಯಾಕೆ ಬರಲಿಲ್ಲ ಎಂದು ಕೇಳಿದ್ದ.

"ಬರಬೇಕಿತ್ತು," ಎಂದಳು ಅವಳು. "ನಮ್ಮಪ್ಪ ಹೇಳಿದ ಮಾತು ಸುಳ್ಳಲ್ಲ, ಈಗಲೂ ಅದನ್ನೇ ಹೇಳ್ತೀನಿ. ಆದ್ರೆ ಆ ಮಾತಿಂದ ಅವರು ನಿಮ್ಮಪ್ಪನ್ನ ಹೊಡೆದ್ರು. ಹೊಡೆದ ಮೇಲಾದ್ರೂ ಬರಬೇಕಿತ್ತು. ನಾನು ದೊಡ್ಡೋಳಾದ ಮೇಲೆ ನಾನಾದ್ರೂ ನಿಮ್ಮ ಮನೆಗೆ ಬರಬೇಕಿತ್ತು. ಯಾಕೆ ಬರಲಿಲ್ಲ ಅನ್ನೋಕೆ ನನ್ನ ಹತ್ರ ಉತ್ತರ ಇಲ್ಲ."

ಬಿಸಿಲು ಕಟ್ಟೆಯ ಅಂಚಿಗೆ ಬಂದಿತ್ತು. ಇನ್ನು ಸ್ವಲ್ಪ ತಡವಾದರೆ ಇಬ್ಬರದೂ ಹೋಗುತ್ತಿತ್ತು. ಅವಳೇ ಮೆತ್ತಗೆ ಹೇಳಿದಳು. "ಹೊತ್ತಾಯ್ತು. ಕೇಳಿಬಿಡಿ."

"ಇನ್ನೇನಾದರೂ ಉಂಟೋ?" ಎಂದು ನರಸಿಂಗ ಕೇಳಿದ. ಗೆಲ್ಲುವವನ ದನಿ ಅಷ್ಟು ಸಣ್ಣದಾಗಿದ್ದನ್ನು ಆ ಕಟ್ಟೆ ಕೇಳಿರಲಿಲ್ಲ.

"ಇಲ್ಲ."

ಬೇಕೆಂದೇ ಸೋತಳೆಂದು ಗುಸುಗುಸು ಎದ್ದಿತು. ವಾಡಿಕೆಯಂತೆ ಅವಳ ಅಂಗೈಗೆ ಒಂದು ಹರಳುಪ್ಪು ಹಾಕಿದರು. ಎಲ್ಲರೂ ಅವಳ ಮುಖ ನೋಡಿದರು. ಅವಳು ಬಾಯಿಗೆ ಹಾಕಿಕೊಂಡು ಅತ್ತಿತ್ತ ಹೊರಳಿಸಿ, "ಕಲ್ಲು," ಎಂದಳು. ಗುಸುಗುಸು ನಿಂತಿತು. ನರಸಿಂಗನ ಸೌಟು ಉಳಿಯಿತು, ನನ್ನ ಹೋಟೆಲು ಉಳಿಯಿತು. ಸಂತೋಷಪಡಬೇಕಾಗಿತ್ತು. ಅದೇಕೋ ನನಗೆ ತುಂಬ ನಾಚಿಕೆಯಾಯಿತು.

ಚರ್ಚಿನವರು ಅವಳ ಮೇಲೆ ಹರಿಹಾಯ್ದರು. ದೇವಸಹಾಯಪ್ಪನವರಂತೂ ನನ್ನ ಹೋಟೆಲಿನಲ್ಲೇ, ಕಾಫಿ ತಣ್ಣಗಾಗುವವರೆಗೆ ಅವಳನ್ನು ತರಾಟೆಗೆ ತೆಗೆದುಕೊಂಡರು. "ಯಾಕೆ ಬರಲಿಲ್ಲ ಅಂದನಲ್ಲ, ಬರಬೇಕಿತ್ತು ಅಂತ ತಾನೆ ಅದರ ಅರ್ಥ, ಆ ಬೇಕು ಅನ್ನೋ ಅಳತೆ ನಿಂಗೆಲ್ಲಿಂದ ಬಂತಪ್ಪ, ದೇವರಿಲ್ಲದೆ ನ್ಯಾಯ ಅನ್ಯಾಯ ಎಲ್ಲಿಂದ ಬಂತು ಅಂತ ಒಂದು ಮಾತು ಕೇಳಿದ್ರೆ ಅವನು ಮುಗಿದಿದ್ದ. ಅದು ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮಾವ. ಒಳ್ಳೇ ಪ್ರಶ್ನೆ ಅದು, ಇನ್ನೊಂದು ದಿನ ಕೇಳ್ತೀನಿ. ಅವತ್ತು ಕೇಳೋಕೆ ಅವರಪ್ಪನ ಹೆಣದ ಮೇಲೆ ಕಾಲಿಡಬೇಕಾಗಿತ್ತು."

ಗೇಟಿನ ಪಕ್ಕದ ಕಲ್ಲಿನಲ್ಲಿ ಎಂದೂ ಸೋಲದವರು ಎನ್ನುವ ಸಾಲಿಗೆ ಅವಳೇ ಗಾರೆ ಬಳಿಸಿದಳು. ಅಪ್ಪನ ಹೆಸರು ಹಾಗೇ ಇದೆ. ದೇವಸಹಾಯಪ್ಪ ಒಂದು ತಿಂಗಳು ಅವಳ ಹತ್ತಿರ ಮಾತು ಬಿಟ್ಟರು, ಗಂಜಿ ಬಿಡಲಿಲ್ಲ.

ಗಂಜಿ ಬಿಡದಿದ್ದುದು ದೊಡ್ಡ ಸಂಗತಿಯೇ. ಸೋತ ಮರುಭಾನುವಾರ ಅವಳು ಬೇಯಿಸಿದ ಗಂಜಿ ಸಪ್ಪೆಯಾಗಿತ್ತಂತೆ, ಅದರ ಮುಂದಿನ ವಾರ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತಂತೆ. ಸೋತವರ ಕೈಯಡುಗೆಗೆ ಹೆಸರಿಡಬಾರದೆಂಬುದು ನಮ್ಮೂರ ಪದ್ಧತಿ. ಎಲ್ಲರೂ ತಲೆತಗ್ಗಿಸಿ ಕುಡಿದು ಎದ್ದರು. ಅಲ್ಲಿನವರೊಬ್ಬರು ಇದನ್ನು ನನ್ನ ಹೋಟೆಲಿನಲ್ಲಿ ಹೇಳುವಾಗ ನರಸಿಂಗ ದೋಸೆ ಹುಯ್ಯುತ್ತಿದ್ದ. ದೋಸೆ ಸೀದುಹೋಯಿತು. ಅವನ ಕೈಯಲ್ಲಿ ದೋಸೆ ಸೀದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ಭಾನುವಾರ, ಹೋಟೆಲು ಕಿಕ್ಕಿರಿದಿರುವ ಹೊತ್ತಿಗೆ ಸರಿಯಾಗಿ, ಅವನು ವಸ್ತ್ರ ಕೊಡವಿಕೊಂಡು ಹೊರಟ. ಎಲ್ಲಿಗೆ ಎಂದರೆ ಈಗ ಬಂದೆ ಎಂದ. ಚರ್ಚಿನ ಹಿಂಬಾಗಿಲಿಂದ ಅಡುಗೆಮನೆಗೆ ಹೋಗಿ, ಏನನ್ನೂ ಹೇಳದೆ ಅವಳ ಕೈಯಿಂದ ಸೌಟು ತೆಗೆದುಕೊಂಡು, ಗಂಜಿ ಬಾಯಿಗಿಟ್ಟು ನೋಡಿ, ಉಪ್ಪು ಹಾಕಿ, ಬಂದ ದಾರಿಯಲ್ಲೇ ವಾಪಸಾದನಂತೆ. ಅದು ವಾರವಾರದ ಕೆಲಸವಾಯಿತು. ನಾನು ಗೊಣಗಿದೆ, ಕೂಗಾಡಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದವನು ಬರುವುದು ಬರಬರುತ್ತ ತಡವಾಯಿತು. ಗಂಜಿ ಬೇಯುವವರೆಗೆ ಮಾತು ಶುರುವಾಗಿದೆಯೆಂದು ಸುಗುಣಾಬಾಯಿಯೇ ನನಗೆ ಹೇಳಿದಳು. "ಆ ಹೆಂಗಸರು, ಯಾರೂ ನಂಬಲ್ಲ ಅಂತ ಗೊತ್ತಿದ್ರೂ ಯಾಕೆ ಓಡಿಹೋಗಿ ಹೇಳಿದ್ರು ಟೀಚರಮ್ಮ?" ಎಂದು ಮೊದಲು ಕೇಳಿದವನು ಅವನು. ಅವಳು ಗೊತ್ತಿದ್ದದ್ದನ್ನು ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಇನ್ನೊಂದು ವಾರ ಇನ್ನೊಂದು ಪ್ರಶ್ನೆ ತಂದ. ಕೆಲವು ಅವಳ ನಿದ್ದೆ ಕೆಡಿಸುವಂಥವು. ಇಬ್ಬರಲ್ಲಿ ಒಬ್ಬರೂ, ಯಾವ ವಾರವೂ, ಆ ಕೊನೆಯ ಮಾತನ್ನು ಕೇಳಲಿಲ್ಲ. ಗಂಜಿ ಬೆಂದಾಗ ಮಾತು ನಿಲ್ಲುತ್ತಿತ್ತು.

ಹೀಗೇ ನಡೆದು, ಮಾವಿನಕಾಯಿ ಬರುವ ಕಾಲದಲ್ಲಿ ಒಂದು ಸುದ್ದಿ ಬಂತು. ನರಸಿಂಗ ಅಡುಗೆಮನೆಯಿಂದ ಮುಂದೆ ಹೋಗಿ ಒಳಗಿನ ಬೆಂಚಿನಲ್ಲಿ ಕೂತನಂತೆ, ಪ್ರಾರ್ಥನೆಗೆ ಮಂಡಿಯೂರಿದನಂತೆ. ಅವಳ ಮಾತನ್ನು ಅವನು ಒಪ್ಪಿದನೆಂದರೆ ಸೋತನೆಂದೇ ಅರ್ಥ. ಸೋತನೆಂದರೆ ಉಪ್ಪು ಹೋಯಿತು. ಸೋಮವಾರ ಬೆಳಗ್ಗೆ ಗಿರಾಕಿಗಳೂ ಎಲೆಯ ಮುಂದೆ ಕೂತು ಸಾರನ್ನೇ ದಿಟ್ಟಿಸುತ್ತಿದ್ದರು, ಯಾರೂ ಕಲಸುತ್ತಿರಲಿಲ್ಲ. ನಾನೇ ಒಳಗೆ ಹೋಗಿ ಸೌಟಿನಿಂದ ಅಂಗೈಗೆ ಹುಯ್ದುಕೊಂಡು ನೆಕ್ಕಿದೆ. ನಂಬಿಕೆ ಬರದೆ ಇನ್ನೊಮ್ಮೆ ನೆಕ್ಕಿದೆ. ಉಪ್ಪು ಎಂದಿನಂತೆ ಹದವಾಗಿತ್ತು.

"ಏನೋ ಇದು?" ಎಂದೆ. "ಸೋತ್ಯೋ ಇಲ್ವೋ?"

"ಸೋತಿದ್ರೆ ನಿಮಗೆ ಗೊತ್ತಾಗ್ತಿತ್ತಲ್ಲ ಯಜಮಾನ್ರೇ," ಎಂದ, ಒಗ್ಗರಣೆಯಿಂದ ಕಣ್ಣೆತ್ತದೆ.

"ಮತ್ತೆ ಅಲ್ಲಿ ಹೋಗಿ ಕೂತಿದ್ದು?"

"ಕೇಳ್ದೆ. ಹೇಳಿದ್ರು. ಸರಿ ಅನ್ನಿಸ್ತು."

ಇದನ್ನು ಕಟ್ಟೆಯ ಹಿರಿಯರಿಗೆ ಹೇಳಿದರೆ, ಹಾಗೆಲ್ಲ ಆಗಲು ಬರುವುದಿಲ್ಲ ಎಂದರು. ನಾನು ಸಾರನ್ನು ನೆಕ್ಕಿ ನೋಡಿದವನು, ಅವರ ಹತ್ತಿರ ವಾದಕ್ಕೆ ನಿಲ್ಲಲಿಲ್ಲ.

ಮುಂದೊಂದು ಭಾನುವಾರ ಹೋಟೆಲಿನಲ್ಲಿ ಮದುವೆ ದಿಬ್ಬಣದವರು ನುಗ್ಗಿದ್ದರು, ನರಸಿಂಗ ಇನ್ನೂ ಬಂದಿರಲಿಲ್ಲ. ಬೈದು ಎಳೆದುಕೊಂಡು ಬರೋಣವೆಂದು ಚರ್ಚಿನ ಹಿಂಬಾಗಿಲಿಗೆ ಹೋದೆ. ಅಡುಗೆಮನೆಯಲ್ಲಿ ಅವರಿಬ್ಬರೇ ಇದ್ದರು. ಸುಗುಣಾಬಾಯಿಗೆ ಉಪ್ಪು ಇನ್ನೂ ಮರಳಿರಲಿಲ್ಲ, ಇವತ್ತಿಗೂ ಮರಳಿಲ್ಲ. ಅವಳು ಗಂಜಿ ಕಲಕುತ್ತ ಕೇಳಿದಳು. "ಉಪ್ಪು ಸರಿಯಿದೆಯಾ ನರಸಿಂಗಣ್ಣ?"

ಅವನು ಬಾಯಿಗಿಟ್ಟು ನೋಡಿದ. ಒಂದು ಚಿಟಿಕೆ ಹಾಕಿದ, ಮತ್ತೆ ನೋಡಿದ. "ಸರಿಯಿದೆ ಟೀಚರಮ್ಮ."

ಅವಳು ಒಂದು ಹನಿಯನ್ನೂ ಬಾಯಿಗಿಟ್ಟು ನೋಡಲಿಲ್ಲ. ಪಾತ್ರೆ ಇಳಿಸಿ ಸಾಲಾಗಿ ಬಟ್ಟಲುಗಳಿಗೆ ಹುಯ್ಯತೊಡಗಿದಳು. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ನನಗೂ ಒಂದು ಬಟ್ಟಲು ಕೊಟ್ಟಳು. ದಿಬ್ಬಣದವರು ಕಾಯುತ್ತಿದ್ದರು, ಬೈಯಲು ಬಂದದ್ದು ನೆನಪಿತ್ತು. ಆದರೂ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಕುಡಿದೆ. ಉಪ್ಪು ಸರಿಯಾಗಿತ್ತು.